ಬೆಂಚಿನಿಂದ ಬೆಲ್ಟಿಗೆ: ಮಂಗಳೂರಿನ ಕಾರಿನೊಳಗಿನ ಚರಿತ್ರೆ

ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಸೀಟು ಎರಡು ಬಿಡಿ ಕುರ್ಚಿಗಳಲ್ಲ. ಬಾಗಿಲಿನಿಂದ ಬಾಗಿಲಿನವರೆಗೆ ಚಾಚಿದ ಒಂದೇ ಬೆಂಚು. ಗೇರಿನ ಕೋಲು ಸ್ಟೇರಿಂಗ್ ಚಕ್ರದ ಕೆಳಗೇ ಇರುತ್ತಿದ್ದುದರಿಂದ ನಡುವೆ ಕುಳಿತವರ ಕಾಲಿಗೆ ಅಡ್ಡಿಯಾಗುತ್ತಿರಲಿಲ್ಲ. ದಕ್ಷಿಣ ಕನ್ನಡದ ‘ಸರ್ವಿಸ್ ಕಾರು’ಗಳ ಬದುಕು ನಡೆದದ್ದೇ ಈ ಬೆಂಚಿನ ಆಸರೆಯಲ್ಲಿ. ಬಸ್ಸು ತಪ್ಪಿದವರು, ಬಸ್ಸೇ ಬಾರದ ಊರಿನವರು, ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಎಲ್ಲರೂ ಆ ಒಂದು ಕಾರಿನೊಳಗೆ ಒತ್ತಿಕೊಂಡು ಕುಳಿತರು. ಮುಂದೆ ಚಾಲಕನೊಡನೆ ಮೂವರು, ಹಿಂದೆ ಐವರು, ಅವರ ಮಡಿಲಲ್ಲಿ ಮಕ್ಕಳು, ಮಕ್ಕಳ ಮಡಿಲಲ್ಲಿ ಚೀಲ. ಚಾಲಕ ಬಾಗಿಲಿಗೆ ಒರಗಿ, ಅರ್ಧ ಸೀಟಿನಲ್ಲಿ ಕುಳಿತು ಬಂಡಿ ಓಡಿಸುತ್ತಿದ್ದ. ‘ಸ್ವಲ್ಪ ಒತ್ತಿ ಕೂತ್ಕೊಳ್ಳಿ ಮಾರಾಯ್ರೆ, ಇನ್ನೊಬ್ಬರಿಗೆ ಜಾಗ ಉಂಟು’ ಎಂಬ ಮಾತು ಕೇಳದೆ ಆ ಕಾರು ಹೊರಡುತ್ತಿರಲಿಲ್ಲ.

ಮಂಗಳೂರಿನಲ್ಲಿ ಸೀಟ್ ಬೆಲ್ಟ್ ಯಾಕೆ ಇಷ್ಟು ತಡವಾಗಿ, ಇಷ್ಟು ಅರೆಮನಸ್ಸಿನಿಂದ ಬಳಕೆಗೆ ಬಂತು ಎಂಬುದನ್ನು ತಿಳಿಯಬೇಕಾದರೆ ಈ ಬೆಂಚಿನಿಂದಲೇ ಆರಂಭಿಸಬೇಕು. ಜನರ ಉಡಾಫೆ, ಸೆಕೆ, ಇಸ್ತ್ರಿ ಮಾಡಿದ ಅಂಗಿ ಮುದುಡುವ ಚಿಂತೆ ಎಂದೆಲ್ಲ ಕಾರಣ ಹೇಳುವುದುಂಟು. ಅವೆಲ್ಲ ಇದ್ದದ್ದೇ. ಆದರೆ ಮೂಲ ಕಾರಣ ಇನ್ನೂ ಆಳದಲ್ಲಿದೆ. ಬೆಲ್ಟು ಎಂಬ ಸಾಧನ ಒಂದು ಲೆಕ್ಕಾಚಾರವನ್ನು ಮೊದಲೇ ಒಪ್ಪಿಕೊಂಡಿದೆ: ಒಬ್ಬರಿಗೆ ಒಂದು ಸೀಟು, ಒಂದು ಸೀಟಿಗೆ ಒಂದು ಪಟ್ಟಿ. ಕರಾವಳಿಯ ಕಾರು ಹಲವು ದಶಕಗಳ ಕಾಲ ಆ ಲೆಕ್ಕದಲ್ಲಿ ಓಡಲೇ ಇಲ್ಲ. ಇಲ್ಲಿ ಕಾರು ಎಂದರೆ ಸಣ್ಣ ಬಸ್ಸು.

ಮೋಟಾರು ಬಸ್ಸು ಈ ಊರಿಗೆ ಬಂದದ್ದು ಬಹಳ ಬೇಗ. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ.ಪಿ.ಸಿ., ಮಂಗಳೂರಿನಲ್ಲಿ ಬಸ್ ಸಂಚಾರ ಆರಂಭಿಸಿತು. ಊರು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆಯ ಕೇಂದ್ರ. ರೈಲು ಬಂದು ಏಳು ವರ್ಷವಷ್ಟೇ ಆಗಿತ್ತು. ಬ್ರಿಟಿಷ್ ಇಂಡಿಯಾದ ಮೋಟಾರು ವಾಹನ ಕಾಯ್ದೆ ಹೊರಟದ್ದೂ ಅದೇ 1914ರಲ್ಲಿ. ಆ ಕಾಯ್ದೆ ಚಾಲಕನಿಗೆ ಲೈಸೆನ್ಸ್ ಇರಬೇಕು, ಬಂಡಿಗೆ ನೋಂದಣಿ ಇರಬೇಕು ಎಂದು ಹೇಳಿತು. ಒಳಗೆ ಕುಳಿತವನ ಮೈ ಏನಾಗಬೇಕು ಎಂಬ ಯೋಚನೆ ಅಂದಿನ ಕಾಯ್ದೆಗೂ ಇರಲಿಲ್ಲ, ಅಂದಿನ ಕಾರು ತಯಾರಕರಿಗೂ ಇರಲಿಲ್ಲ.

ಮುಂದಿನ ದಶಕಗಳಲ್ಲಿ ಖಾಸಗಿ ಬಸ್ಸು ಕರಾವಳಿಯ ಸ್ವಭಾವವೇ ಆಗಿಹೋಯಿತು. ಶಂಕರ ವಿಠಲ, ಹನುಮಾನ್ ಮೊದಲಾದ ಹೆಸರುಗಳು ಮನೆಮಾತಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಇದ್ದಿಲ ಅನಿಲದಿಂದ ಬಸ್ಸುಗಳು ಓಡಿದವು. ಅಂದಿನ ಪ್ರಯಾಣಿಕನ ದೊಡ್ಡ ಸಂಕಟ ಅಪಘಾತವಲ್ಲ, ರಸ್ತೆಯ ಕುಲುಕಾಟ. ಮಳೆಗಾಲ ಕಳೆದ ಮೇಲೆ ಮುರಕಲ್ಲಿನ ರಸ್ತೆಗಳಲ್ಲಿ ಬಸ್ಸು ಹತ್ತಿ ಇಳಿದವರ ಸೊಂಟಕ್ಕೇ ಅದು ಗೊತ್ತು. 1943ರಲ್ಲಿ ವಿ.ಎಸ್. ಕುಡ್ವ ಅವರು ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಸ್ಥಾಪಿಸಿದರು. ಅಲ್ಲಿ ತಯಾರಾದ ವಾಹನಗಳ ಪಟ್ಟಿ ಸ್ಪ್ರಿಂಗುಗಳು ‘ಕೆನರಾ ಸ್ಪ್ರಿಂಗ್ಸ್’ ಎಂದು ದೂರದೂರಕ್ಕೆ ಹೆಸರಾದವು. ಕುಲುಕಾಟದಿಂದ ಮೈಯನ್ನು ಕಾಯುವ ಉಕ್ಕಿನ ಪಟ್ಟಿ ಇದೇ ಊರಿನಲ್ಲಿ ತಯಾರಾಗತೊಡಗಿದ ಮೇಲೆ, ಡಿಕ್ಕಿಯಿಂದ ಮೈಯನ್ನು ಕಾಯುವ ಬಟ್ಟೆಯ ಪಟ್ಟಿ ಊರಿನ ಕಾರುಗಳಿಗೆ ಕಡ್ಡಾಯವಾಗಿ ಬರಲು ಇನ್ನೂ ಐವತ್ತು ವರ್ಷ ಹಿಡಿಯಿತು.

ಮಂಗಳೂರಿನವರಿಗೆ ಬೆಲ್ಟಿನ ಪರಿಚಯವಾದದ್ದು ರಸ್ತೆಯಲ್ಲಲ್ಲ, ಆಕಾಶದಲ್ಲಿ. 1951ರ ಡಿಸೆಂಬರ್ 25ರಂದು ಬಜ್ಪೆಯ ಗುಡ್ಡದ ಮೇಲಿನ ವಿಮಾನ ನಿಲ್ದಾಣ ಆರಂಭವಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದರು. ಆ ವಿಮಾನಗಳ ಸೀಟಿಗೆ ಸೊಂಟದ ಪಟ್ಟಿ ಇತ್ತು. ವಿಮಾನ ಏರುವಾಗ, ಇಳಿಯುವಾಗ ಕಟ್ಟಿಕೊಳ್ಳಬೇಕು ಎಂದು ಸಿಬ್ಬಂದಿ ಹೇಳುತ್ತಾರೆ, ಜನ ಎದುರಾಡದೆ ಕಟ್ಟಿಕೊಳ್ಳುತ್ತಾರೆ. ಅಂದಿನಿಂದ ಇಂದಿನವರೆಗೂ ಬಜ್ಪೆಯಲ್ಲಿ ವಿಮಾನ ಹತ್ತಿದ ಯಾವ ಪ್ರಯಾಣಿಕನೂ ಅದನ್ನು ಅವಮಾನವೆಂದು ತಿಳಿದದ್ದಿಲ್ಲ. ಬೆಲ್ಟಿನ ಬಗ್ಗೆ ನಮ್ಮ ಜನಕ್ಕೆ ಹುಟ್ಟಿನಿಂದಲೇ ವಿರೋಧವಿದೆ ಎಂದು ಹೇಳುವವರು ಇದನ್ನು ಗಮನಿಸಬೇಕು. ಹೇಳುವವರಿದ್ದರೆ, ಸೀಟಿಗೊಬ್ಬರೇ ಕುಳಿತಿದ್ದರೆ, ಪಟ್ಟಿ ಕೈಗೆ ಸಿಗುವಂತಿದ್ದರೆ ಮಂಗಳೂರಿಗರು ಅದನ್ನು ಕಟ್ಟಿಕೊಂಡೇ ಇದ್ದಾರೆ.

ಕಾರಿನ ಬೆಲ್ಟೂ ವಿಮಾನದ ಲೋಕದಿಂದಲೇ ಬಂದದ್ದು. ಸ್ವೀಡನ್ನಿನ ನಿಲ್ಸ್ ಬೋಲಿನ್ ಎಂಬ ಎಂಜಿನಿಯರ್ ಸಾಬ್ ಕಂಪೆನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಅಪಾಯದ ಹೊತ್ತಿನಲ್ಲಿ ಸೀಟುಸಹಿತ ಹೊರಚಿಮ್ಮಿಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದರು. 1958ರಲ್ಲಿ ವೋಲ್ವೋ ಅವರನ್ನು ಕರೆಸಿಕೊಂಡಿತು. ಆ ಹೊತ್ತಿಗೆ ಕೆಲವು ಕಾರುಗಳಲ್ಲಿ ಸೊಂಟದ ಪಟ್ಟಿ ಇತ್ತು. ಆದರೆ ಡಿಕ್ಕಿಯಾದಾಗ ಮೈ ಮಡಚಿ ತಲೆ ಮುಂದಕ್ಕೆ ಬಡಿಯುತ್ತಿತ್ತು, ಪಟ್ಟಿಯೇ ಹೊಟ್ಟೆಯೊಳಗಿನ ಅಂಗಗಳಿಗೆ ಗಾಯ ಮಾಡುತ್ತಿತ್ತು. ಯುದ್ಧವಿಮಾನದ ಪೈಲಟ್ ನಾಲ್ಕು ಪಟ್ಟಿಗಳ ಕವಚ ತೊಡಲು ಸಿದ್ಧ. ಪೇಟೆಗೆ ಹೊರಟ ಗೃಹಸ್ಥ ಅಷ್ಟೆಲ್ಲ ಮಾಡಲಾರ ಎಂಬುದು ಬೋಲಿನ್‌ಗೆ ಗೊತ್ತಿತ್ತು. ಒಂದೇ ಕೈಯಲ್ಲಿ ಎಳೆದು ಸಿಕ್ಕಿಸುವಂತಿರಬೇಕು, ಬಲ ಬೀಳಬೇಕಾದದ್ದು ಮೆದುವಾದ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬು ಮತ್ತು ಎದೆಗೂಡಿನ ಮೇಲೆ. ಹೀಗೆ ಹುಟ್ಟಿದ್ದು ಮೂರು ಕಡೆ ಬಿಗಿದ ಬೆಲ್ಟ್: ಭುಜದಿಂದ ಓರೆಯಾಗಿ ಇಳಿದು, ಸೊಂಟದ ಪಕ್ಕದಲ್ಲಿ ಕೊಂಡಿಗೆ ಸಿಕ್ಕಿ, ಮಡಿಲ ಮೇಲೆ ಹಾದು ಇನ್ನೊಂದು ಬದಿಗೆ ಸೇರುವ ಪಟ್ಟಿ. 1959ರ ಆಗಸ್ಟಿನಲ್ಲಿ ಅಂಥ ಬೆಲ್ಟಿದ್ದ ಮೊದಲ ಕಾರು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ಪಟ್ಟಣದ ಗಿರಾಕಿಯ ಕೈ ಸೇರಿತು. ವೋಲ್ವೋ ಆ ಪೇಟೆಂಟನ್ನು ಲೋಕದ ಎಲ್ಲ ತಯಾರಕರಿಗೂ ಬಿಟ್ಟುಕೊಟ್ಟಿತು. ಯಂತ್ರಗಳ ಚರಿತ್ರೆಯಲ್ಲಿ ಇಷ್ಟು ಉದಾರವಾದ ನಿರ್ಧಾರಗಳು ಹೆಚ್ಚಿಲ್ಲ.

1967ರಲ್ಲಿ ಬೋಲಿನ್ ಮತ್ತು ಸಂಗಡಿಗರು ಸ್ವೀಡನ್ನಿನ ಸುಮಾರು 28,000 ಅಪಘಾತಗಳ ಅಧ್ಯಯನವನ್ನು ಮುಂದಿಟ್ಟರು. ಬೆಲ್ಟ್ ಹಾಕದವರು ಕಡಿಮೆ ವೇಗದಿಂದ ಹಿಡಿದು ಎಲ್ಲ ವೇಗಗಳಲ್ಲೂ ಸತ್ತಿದ್ದರು. ಹಾಕಿದ್ದವರಲ್ಲಿ ಗಂಟೆಗೆ 60 ಮೈಲಿಗಿಂತ ಕಡಿಮೆ ವೇಗದ ಡಿಕ್ಕಿಗಳಲ್ಲಿ ಒಬ್ಬರೂ ಸತ್ತಿರಲಿಲ್ಲ.

ಆ ಬೆಲ್ಟು ಹುಟ್ಟುವ ಸ್ವಲ್ಪ ಮೊದಲಷ್ಟೇ ಕಲ್ಕತ್ತೆಯ ಬಳಿಯ ಉತ್ತರಪಾಡಾದ ಕಾರ್ಖಾನೆಯಿಂದ ಅಂಬಾಸಿಡರ್ ಹೊರಬರತೊಡಗಿತ್ತು. ಮುಂಬೈಯ ಕಾರ್ಖಾನೆಯಿಂದ ಫಿಯೆಟ್ ಬಂತು, 1970ರ ದಶಕದಲ್ಲಿ ಅದೇ ಕಾರು ಪ್ರೀಮಿಯರ್ ಪದ್ಮಿನಿಯಾಯಿತು. ಮಂಗಳೂರಿನ ಹಂಪನಕಟ್ಟೆಯ ರಸ್ತೆಗಳು ಮೂರು ದಶಕ ಕಂಡದ್ದು ಬಹುಪಾಲು ಈ ಎರಡೇ ಕಾರುಗಳನ್ನು. ಪೇಟೆಂಟ್ ಮುಕ್ತವಾಗಿತ್ತು, ಪಟ್ಟಿಯ ಬೆಲೆ ಕಾರಿನ ಬೆಲೆಯ ಮುಂದೆ ಏನೂ ಅಲ್ಲ. ಆದರೂ ಮುಚ್ಚಿದ ಮಾರುಕಟ್ಟೆಯಲ್ಲಿ ಕಾರು ಸಿಗಲು ವರ್ಷಗಟ್ಟಲೆ ಕಾಯುತ್ತಿದ್ದ ಗಿರಾಕಿಗೆ, ಅದರಲ್ಲಿ ಇನ್ನೇನಿರಬೇಕು ಎಂದು ಕೇಳುವ ಬಾಯಿ ಇರಲಿಲ್ಲ. ಅಂಬಾಸಿಡರ್‌ನ ಬೆಂಚು ಹೋಗಿ ಬಿಡಿ ಸೀಟು, ನೆಲದ ಗೇರು, ಬೆಲ್ಟು ಬರತೊಡಗಿದ್ದು 1993ರ ಹೊತ್ತಿಗೆ, ಇಸುಜು ಎಂಜಿನ್ನಿನ ಮಾದರಿಯೊಡನೆ.

ಬೆಲ್ಟು ಮಾಡುವ ಕೆಲಸವಾದರೂ ಏನು? ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಒಳಗೆ ಕುಳಿತವರ ಮೈಯೂ ಅದೇ ವೇಗದಲ್ಲಿ ಹೋಗುತ್ತಿರುತ್ತದೆ. ಕಾರು ಲಾರಿಗೋ ಮರಕ್ಕೋ ಬಡಿದು ನಿಂತಾಗ ಮೈ ನಿಲ್ಲುವುದಿಲ್ಲ. ಸೆಕೆಂಡಿಗೆ ಸುಮಾರು 17 ಮೀಟರ್ ವೇಗದಲ್ಲಿ ಮುಂದಕ್ಕೆ ಹೋಗಿ ಸ್ಟೇರಿಂಗಿಗೋ ಗಾಜಿಗೋ ಎದುರಿನ ಸೀಟಿಗೋ ಬಡಿಯುತ್ತದೆ. ಸುಮಾರು 14 ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವ ಹೊತ್ತಿಗೆ ಇರುವ ವೇಗವದು. ಕಾಯಿ ಕೀಳಲು ಹತ್ತಿದವನು ದೊಡ್ಡ ತೆಂಗಿನಮರದ ತಲೆಯಿಂದ ಬಿದ್ದರೆ ಏನಾಗುತ್ತದೆಂದು ಕರಾವಳಿಯ ಪ್ರತಿಯೊಂದು ಮನೆಗೂ ಗೊತ್ತು. ‘ಪೇಟೆಯೊಳಗೆ ನಿಧಾನವಾಗಿ ತಾನೇ ಹೋಗುವುದು’ ಎನ್ನುವವರ 40 ಕಿಲೋಮೀಟರ್ ವೇಗಕ್ಕೂ ಆರು ಮೀಟರಿಗಿಂತ ಹೆಚ್ಚಿನ ಎತ್ತರದ ಲೆಕ್ಕ ಬರುತ್ತದೆ. ಕೈಯನ್ನು ಡ್ಯಾಶ್‌ಬೋರ್ಡಿಗೆ ಒತ್ತಿ ಹಿಡಿದರೆ ಸಾಕೆನ್ನುವುದು ಆಗದ ಮಾತು. ಬೆಲ್ಟ್ ಹಿಗ್ಗಿ, ಕಾರಿನ ಮುಂಭಾಗ ನಜ್ಜುಗುಜ್ಜಾಗುವ ಆ ಕ್ಷಣದುದ್ದಕ್ಕೂ ಮೈಯನ್ನು ಕಾರಿನೊಡನೆಯೇ ನಿಧಾನಗೊಳಿಸುತ್ತದೆ. ಏರ್‌ಬ್ಯಾಗ್ ಇದ್ದರೂ ಈ ಕೆಲಸ ಬೆಲ್ಟಿನದ್ದೇ. ಏರ್‌ಬ್ಯಾಗನ್ನು ರೂಪಿಸಿರುವುದೇ ಬೆಲ್ಟ್ ಹಾಕಿಕೊಂಡ ಮೈಗೆ. ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಉಬ್ಬುವ ಅದಕ್ಕೆ ಬೆಲ್ಟಿಲ್ಲದ ಮೈ ಮುನ್ನುಗ್ಗಿ ಬಡಿದರೆ ಅದೇ ಪೆಟ್ಟಾಗಬಲ್ಲದು.

ಲೋಕದಲ್ಲಿ ಮೊದಲು ಬೆಲ್ಟ್ ಧರಿಸುವುದನ್ನು ಕಾನೂನಾಗಿ ಮಾಡಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1970ರ ಡಿಸೆಂಬರಿನಲ್ಲಿ. ಬ್ರಿಟನ್ನಿನಲ್ಲಿ ಹಲವು ವರ್ಷ ಸಂಸತ್ತಿನಲ್ಲಿ ವಾದವಿವಾದ ನಡೆದು 1983ರ ಜನವರಿ 31ರಿಂದ ಮುಂದಿನ ಸೀಟಿಗೆ ಕಡ್ಡಾಯವಾಯಿತು. ಭಾರತದಲ್ಲಿ 1939ರ ಕಾಯ್ದೆಯನ್ನು ಬದಲಿಸಿ 1988ರ ಮೋಟಾರು ವಾಹನ ಕಾಯ್ದೆ ಬಂತು. 1989ರ ಜುಲೈಯಿಂದ ಜಾರಿಯಾಯಿತು. ಅದರ ಕೇಂದ್ರ ನಿಯಮಗಳಿಗೆ 1993ರಲ್ಲಿ ತಂದ ತಿದ್ದುಪಡಿಯಂತೆ, 1994ರಿಂದ ತಯಾರಾಗುವ ಕಾರುಗಳ ಮುಂದಿನ ಎರಡು ಸೀಟುಗಳಿಗೆ ತಯಾರಕರು ಬೆಲ್ಟ್ ಕೊಡಲೇಬೇಕಾಯಿತು. ಹೊನ್ನಾವರದ ನಟ ಶಂಕರ್ ನಾಗ್ ದಾವಣಗೆರೆಯ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಕನ್ನಡಿಗರನ್ನು ಇಂದಿಗೂ ಕಾಡುವ ಆ ಸಾವಿನ ಹೊತ್ತಿಗೆ ಈ ದೇಶದಲ್ಲಿ ಕಾರಿಗೆ ಬೆಲ್ಟ್ ಇರಲೇಬೇಕೆಂಬ ನಿಯಮವೇ ಇರಲಿಲ್ಲ. ಹಿಂದಿನ ಸೀಟಿಗೆ ಬೆಲ್ಟ್ ಕಡ್ಡಾಯವಾಗಲು 2000ದ ದಶಕ ಬರಬೇಕಾಯಿತು.

ಮಂಗಳೂರಿನ ಬೀದಿಗೆ ಈ ಬೆಲ್ಟು ಬಂದದ್ದು ಮಾರುತಿ 800ರೊಡನೆ, ಜೆನ್ನಿನೊಡನೆ. ಆದರೆ ಅದೇ ವರ್ಷಗಳಲ್ಲಿ ಬೆಂಚಿನ ಕಾರು ಹೊಸ ರೂಪ ತಾಳಿತು. ಸರ್ವಿಸ್ ಕಾರಿನ ಜಾಗಕ್ಕೆ ಜೀಪು, ಟಾಟಾ ಸುಮೋ, ಓಮ್ನಿ ಬಂದವು. ಸುಮೋದ ಹಿಂಭಾಗದಲ್ಲಿ ಎದುರುಬದುರಾಗಿ ಕುಳಿತುಕೊಳ್ಳುವ ಎರಡು ಬೆಂಚುಗಳು. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು ಎಂದು ಬಾಡಿಗೆ ಗಾಡಿ ಮಾಡಿ ಹೊರಟ ಕುಟುಂಬ ಹತ್ತು ಮಂದಿಯದಾದರೆ ಗಾಡಿಯಲ್ಲೂ ಹತ್ತು ಮಂದಿ. ಕುಟುಂಬವನ್ನು ಎರಡು ಗಾಡಿಗಳಿಗೆ ಹಂಚುವುದು ಖರ್ಚಿನ ಮಾತು. ಅದಕ್ಕಿಂತ ಹೆಚ್ಚಾಗಿ ಮನಸ್ಸಿಗೆ ಒಗ್ಗದ ಮಾತು. ಒಟ್ಟಿಗೆ ಹೋಗುವುದೇ ಯಾತ್ರೆಯ ಸುಖ. ಆ ಸುಖವನ್ನು ಹೀಗಳೆಯಬೇಕಾಗಿಲ್ಲ. ಆದರೆ ಶಿರಾಡಿ, ಚಾರ್ಮಾಡಿ, ಸಂಪಾಜೆ ಘಾಟಿಗಳ ತಿರುವುಗಳಲ್ಲಿ ಗಾಡಿ ಮಗುಚಿದಾಗ ಪಟ್ಟಿ ಇಲ್ಲದ ಹತ್ತು ಮೈಗಳು ಒಂದಕ್ಕೊಂದು ಬಡಿಯುತ್ತವೆ ಎಂಬುದೂ ಅಷ್ಟೇ ನಿಜ.

ರಸ್ತೆಯೂ ಬದಲಾಯಿತು. ಇಂದು 66 ಎಂದು ಕರೆಯುವ ಹಳೆಯ 17ನೆಯ ರಾಷ್ಟ್ರೀಯ ಹೆದ್ದಾರಿ ಸುರತ್ಕಲ್‌ನಿಂದ ಕೂಳೂರು, ಕೊಟ್ಟಾರ ಚೌಕಿ, ನಂತೂರು, ಪಂಪ್‌ವೆಲ್, ತೊಕ್ಕೊಟ್ಟು ದಾಟಿ ತಲಪಾಡಿಯ ತನಕ ನಾಲ್ಕು ಪಥಗಳಾಯಿತು. ಹತ್ತು ವರ್ಷ ಎಳೆದ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ 31ರಂದು ತೆರೆಯಿತು. ಮೊದಲು ಇಪ್ಪತ್ತು ಮೂವತ್ತರಲ್ಲಿ ತೆವಳುತ್ತಿದ್ದ ಕಾರು ಈಗ ಎಂಬತ್ತರಲ್ಲಿ ಓಡುತ್ತದೆ, ಮತ್ತೆ ನಂತೂರಿನಲ್ಲಿ ಎಲ್ಲ ದಿಕ್ಕಿನ ವಾಹನಗಳ ನಡುವೆ ಸಿಕ್ಕಿಕೊಳ್ಳುತ್ತದೆ. ವೇಗ ಹೀಗೆ ಹಲವು ಪಟ್ಟು ಬೆಳೆದರೂ ಕುಳಿತುಕೊಳ್ಳುವ ರೀತಿ ಬದಲಾಗಲಿಲ್ಲ.

ಈ ನಡುವೆ ಬೆಲ್ಟಿನ ಅಭ್ಯಾಸ ಇನ್ನೊಂದು ದಾರಿಯಿಂದಲೂ ಊರಿಗೆ ಬಂತು. ಎಪ್ಪತ್ತರ ದಶಕದಿಂದ ಕರಾವಳಿಯ ಮನೆಮನೆಯಿಂದ ಕೊಲ್ಲಿ ದೇಶಗಳಿಗೆ ಹೋದವರಲ್ಲಿ ಅನೇಕರು ಚಾಲಕರಾಗಿಯೇ ಹೋದವರು. ಅಲ್ಲಿನ ಅಗಲ ರಸ್ತೆ, ಅಲ್ಲಿನ ವೇಗ, ಅಲ್ಲಿನ ಕ್ಯಾಮೆರಾ, ಅಲ್ಲಿನ ದಂಡ ಅವರಿಗೆ ಬೆಲ್ಟನ್ನು ಕಲಿಸಿದವು. ಸೌದಿ ಅರೇಬಿಯಾ 2000ದ ಡಿಸೆಂಬರಿನಲ್ಲಿ ಬೆಲ್ಟ್ ಕಡ್ಡಾಯ ಮಾಡಿತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2017ರ ಜುಲೈಯಿಂದ ಹಿಂದಿನ ಸೀಟಿನವರೂ ಸೇರಿ ಎಲ್ಲರಿಗೂ ಕಡ್ಡಾಯ. ತಪ್ಪಿದರೆ 400 ದಿರಮ್ ದಂಡ, ಜೊತೆಗೆ ಚಾಲಕನ ಲೈಸೆನ್ಸಿಗೆ ಕಪ್ಪು ಅಂಕ. ದುಬೈಯಲ್ಲಿ ಹಿಂದಿನ ಸೀಟಿನಲ್ಲಿಯೂ ಮರೆಯದೆ ಬೆಲ್ಟ್ ಹಾಕುವ ಕುಟುಂಬ, ಬಜ್ಪೆಗೆ ಬರುವ ವಿಮಾನದಲ್ಲಿ ಬೆಲ್ಟ್ ಹಾಕಿ ಕುಳಿತು, ಇಳಿದು ಹೊರಬಂದು, ಕರೆದೊಯ್ಯಲು ಬಂದ ನೆಂಟರೊಡನೆ ಇನ್ನೋವಾದಲ್ಲಿ ಒತ್ತಿ ಕುಳಿತು, ಗುಡ್ಡದ ತಿರುವುಗಳನ್ನು ಬೆಲ್ಟಿಲ್ಲದೆ ಇಳಿಯುತ್ತದೆ. ಆ ಜನರಿಗೆ ತಿಳಿವಳಿಕೆ ಇಲ್ಲ ಎನ್ನಲಾಗದು. ಊರಿನ ಕಾರು ಅವರನ್ನು ಊರಿನ ಪದ್ಧತಿಗೆ ಮತ್ತೆ ಎಳೆದುಕೊಳ್ಳುತ್ತದೆ. ಮದುವೆಗೆಂದು ಬಂದ ಅಣ್ಣ ಬಾವಂದಿರನ್ನು ‘ನೀವು ಇನ್ನೊಂದು ಕಾರಿನಲ್ಲಿ ಬನ್ನಿ’ ಎಂದು ಹೇಳುವವರು ಯಾರು?

ಕಾನೂನು ಊರಿನಲ್ಲಿ ಬಹಳ ಕಾಲ ಮೆತ್ತಗೇ ಇತ್ತು. ದಂಡ ನೂರು ರೂಪಾಯಿ. ಪೊಲೀಸರು ನಿಲ್ಲಿಸಿದರೆ ನಿಲ್ಲಿಸಿದರು, ಇಲ್ಲವಾದರೆ ಇಲ್ಲ. 2019ರ ತಿದ್ದುಪಡಿ ಕಾಯ್ದೆ 194ಬಿ ಎಂಬ ಪ್ರತ್ಯೇಕ ಕಲಮನ್ನೇ ತಂದು ದಂಡವನ್ನು ಸಾವಿರ ರೂಪಾಯಿಗೆ ಏರಿಸಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಇಲ್ಲವೆ ಮಕ್ಕಳ ಸೀಟು ಇಲ್ಲದೆ ಕರೆದೊಯ್ಯುವುದಕ್ಕೂ ಅಷ್ಟೇ ದಂಡ ಹೇಳಿತು. ಕರ್ನಾಟಕದಲ್ಲಿ ಅದು ಸೆಪ್ಟೆಂಬರ್ 3ರಂದು ಜಾರಿಯಾಯಿತು. ಜನರ ಕೂಗು ಎದ್ದು, ಅದೇ ತಿಂಗಳ 21ರಂದು ರಾಜ್ಯ ಸರ್ಕಾರ ಬೆಲ್ಟಿನ ದಂಡವನ್ನು ಐನೂರಕ್ಕೆ ಇಳಿಸಿತು. ಮೂರು ವಾರವೂ ಆಗಿರಲಿಲ್ಲ. ದಂಡ ಹೆಚ್ಚಾಯಿತು ಎಂಬ ನೋವು ಬಡ ಸ್ಕೂಟರ್ ಸವಾರನದಾದರೆ ಅರ್ಥವಾಗುತ್ತದೆ. ಆದರೆ ಹಲವು ಲಕ್ಷದ ಕಾರಿನ ಮಾಲೀಕ, ಖರ್ಚಿಲ್ಲದೆ ಪಕ್ಕದಲ್ಲೇ ತೂಗುವ ಪಟ್ಟಿಯನ್ನು ಎಳೆದು ಸಿಕ್ಕಿಸದೆ ಇರುವುದಕ್ಕೆ ರಿಯಾಯಿತಿ ಪಡೆಯಬೇಕಾಗಿರಲಿಲ್ಲ.

ಬೆಲ್ಟನ್ನು ಪೊಲೀಸರಿಗಾಗಿ ಹಾಕುವುದು ಎಂಬ ಭಾವನೆ ಬೆಳೆದದ್ದು ಈ ಕಾಲದಲ್ಲೇ. ‘ದುಂಬು ಪೊಲೀಸ್ ಉಲ್ಲೆರ್, ಬೆಲ್ಟ್ ಪಾಡ್ಲೆ’ ಎಂದು ಮುಂದೆ ಪೊಲೀಸರಿರುವುದನ್ನು ತುಳುವಿನಲ್ಲಿ ಎಚ್ಚರಿಸುವುದು ಮಂಗಳೂರಿನ ಕಾರುಗಳಲ್ಲಿ ಸಾಮಾನ್ಯ. ಕದ್ರಿ ಕಂಬಳದ ತಿರುವಿನಲ್ಲೋ ಲಾಲ್‌ಬಾಗಿನಲ್ಲೋ ಖಾಕಿ ಕಂಡೊಡನೆ ಪಟ್ಟಿ ಭುಜದ ಮೇಲೆ ಬರುತ್ತದೆ. ಕೊಂಡಿಗೆ ಸಿಕ್ಕಿಸುವುದೂ ಇಲ್ಲ, ಕೈಯಲ್ಲಿ ಹಿಡಿದಿದ್ದರೆ ಮುಗಿಯಿತು. ದಾಟಿದ ಮೇಲೆ ಕೈಬಿಟ್ಟರೆ ಅದು ತಾನಾಗಿ ಸುರುಳಿಗೆ ಸೇರುತ್ತದೆ.

ಕೇರಳದ ಗಡಿಯ ತಲಪಾಡಿಯಲ್ಲಿ ಈಗ ಬೇರೆಯೇ ದೃಶ್ಯ. ಕೇರಳ ಸರ್ಕಾರ ರಾಜ್ಯದುದ್ದಕ್ಕೂ ನಿಲ್ಲಿಸಿದ 726 ಕ್ಯಾಮೆರಾಗಳ ಮೂಲಕ 2023ರ ಜೂನ್ 5ರಿಂದ ದಂಡ ಹಾಕತೊಡಗಿತು. ಅವುಗಳಲ್ಲಿ ಬಹುಪಾಲು ಹೆಲ್ಮೆಟ್, ಬೆಲ್ಟ್ ಇದೆಯೋ ಇಲ್ಲವೋ ಎಂದು ತಾವೇ ಗುರುತಿಸುವಂಥವು. ಕಾಸರಗೋಡಿಗೂ ಮಂಗಳೂರಿಗೂ ನಿತ್ಯದ ನಂಟು. ಆಸ್ಪತ್ರೆ, ಕಾಲೇಜು, ಜವುಳಿ, ಮೀನು, ಮದುವೆ ಎಲ್ಲಕ್ಕೂ ಜನ ಆಚೀಚೆ ಹೋಗುತ್ತಾರೆ. ಉಪ್ಪಳ, ಕುಂಬಳೆ ಕಡೆಗೆ ಹೊರಟ ಮಂಗಳೂರಿನ ಚಾಲಕ ಗಡಿ ದಾಟುವ ಮೊದಲು ಬೆಲ್ಟ್ ಹಾಕುತ್ತಾನೆ, ಪಕ್ಕದವರಿಗೂ ಹಾಕಿಸುತ್ತಾನೆ. ಹಾಗೆ ಮಾಡಿದ ದಿನ ಅವನಿಗೆ ಉಸಿರು ಕಟ್ಟುವುದಿಲ್ಲ, ಸೆಕೆಯಾಗುವುದಿಲ್ಲ, ಅಂಗಿ ಮುದುಡಿತೆಂಬ ದೂರೂ ಇಲ್ಲ.

ಆದರೆ ಕ್ಯಾಮೆರಾಕ್ಕೂ ಪೊಲೀಸರಿಗೂ ಸುಲಭವಾಗಿ ಕಾಣುವುದು ಮುಂದಿನ ಸೀಟು. ಬೆಲ್ಟಿನ ಚರಿತ್ರೆ ಇನ್ನೂ ಮುಟ್ಟದ ಜಾಗ ಹಿಂದಿನ ಸೀಟು, ಮತ್ತು ಅಲ್ಲಿ ಕೂರುವವರು ಸಾಮಾನ್ಯವಾಗಿ ಮನೆಯ ಹಿರಿಯರು, ಹೆಂಗಸರು, ಮಕ್ಕಳು. ಅಮ್ಮಂದಿರನ್ನು, ಅಜ್ಜಿಯಂದಿರನ್ನು ‘ಆರಾಮವಾಗಿ’ ಕೂರಿಸುವುದು ಅಲ್ಲೇ. 2014ರ ಜೂನ್ 3ರಂದು ಕೇಂದ್ರ ಸಚಿವ ಗೋಪಿನಾಥ ಮುಂಡೆ ದೆಹಲಿಯಲ್ಲಿ ಕಾರಿನ ಹಿಂದಿನ ಸೀಟಿನಲ್ಲಿದ್ದಾಗ ಡಿಕ್ಕಿಯಾಗಿ ತೀರಿಕೊಂಡರು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯ ಮೇಲೆ ಸತ್ತರು. ಬೆಲೆಬಾಳುವ, ಏರ್‌ಬ್ಯಾಗುಗಳಿದ್ದ ಕಾರು ಅದು. ಮುಂದೆ ಕುಳಿತ ಇಬ್ಬರು ಗಾಯಗೊಂಡರೂ ಬದುಕಿದರು; ಹಿಂದೆ ಬೆಲ್ಟ್ ಹಾಕದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ. ಮರುತಿಂಗಳು, ಅಕ್ಟೋಬರಿನಲ್ಲಿ, ಕರ್ನಾಟಕ ಪೊಲೀಸ್ ಇಲಾಖೆ ಕಾರಿನಲ್ಲಿರುವ ಎಲ್ಲರೂ ಬೆಲ್ಟ್ ಹಾಕಬೇಕು, ತಪ್ಪಿದರೆ ಸಾವಿರ ರೂಪಾಯಿ ದಂಡ ಎಂದು ಸುತ್ತೋಲೆ ಹೊರಡಿಸಿತು.

ಅದೇ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಬೆಲ್ಟ್ ಹಾಕದೆ ಇದ್ದವರು 16,715. ಚಾಲಕರು 8,384, ಪ್ರಯಾಣಿಕರು 8,331. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ಮೀರಿ ಕೆಂಜಾರಿನ ಕಂದರಕ್ಕೆ ಉರುಳಿ 158 ಮಂದಿ ಸತ್ತದ್ದನ್ನು ಮಂಗಳೂರು ಮರೆತಿಲ್ಲ. ಕೂಳೂರಿನ ಬಳಿ ಅವರ ನೆನಪಿಗೆ ಸ್ಮಾರಕವಿದೆ, ಪ್ರತಿವರ್ಷ ಗೌರವ ಸಲ್ಲುತ್ತದೆ. ಬೆಲ್ಟಿಲ್ಲದೆ ಕಾರಿನೊಳಗೆ ಒಂದು ವರ್ಷದಲ್ಲಿ ಸತ್ತವರ ಸಂಖ್ಯೆ ಅಂಥ ನೂರಕ್ಕೂ ಹೆಚ್ಚು ವಿಮಾನಗಳಷ್ಟು. ಬೆಲ್ಟ್ ಇದ್ದಿದ್ದರೆ ಅವರೆಲ್ಲ ಉಳಿಯುತ್ತಿದ್ದರು ಎನ್ನಲಾಗದು. ಮುಂದಿನ ಸೀಟಿನವರಿಗೆ ಸಾವಿನ ಅಪಾಯವನ್ನು ಬೆಲ್ಟ್ ಅರ್ಧದಷ್ಟು ತಗ್ಗಿಸುತ್ತದೆ, ಹಿಂದಿನವರಿಗೆ ಕಾಲು ಭಾಗದಷ್ಟಾದರೂ ತಗ್ಗಿಸುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅರ್ಧ, ಕಾಲು ಎಂದರೂ ಸಾವಿರಾರು ಮನೆಗಳು.

ಮಕ್ಕಳ ವಿಷಯಕ್ಕೆ ಬಂದರೆ ಬೆಂಚಿನ ಪದ್ಧತಿ ಇನ್ನೂ ಕ್ರೂರ. 2016ರ ಜೂನ್ 21ರ ಬೆಳಗ್ಗೆ ಕುಂದಾಪುರ ತಾಲೂಕಿನ ತ್ರಾಸಿಯ ಬಳಿ ಶಾಲೆಗೆ ಮಕ್ಕಳನ್ನು ಕೊಂಡೊಯ್ಯುತ್ತಿದ್ದ ಓಮ್ನಿಗೆ ಬಸ್ಸು ಬಡಿದು ಎಂಟು ಮಕ್ಕಳು ಸತ್ತರು. ಆ ವ್ಯಾನಿನಲ್ಲಿ ಇದ್ದ ಸೀಟುಗಳಿಗಿಂತ ಎಷ್ಟೋ ಹೆಚ್ಚು ಮಕ್ಕಳಿದ್ದರು. ಅಷ್ಟು ಮಕ್ಕಳನ್ನು ಒಳಗೆ ತುಂಬಿದ ಮೇಲೆ ಬೆಲ್ಟಿನ ಮಾತೆತ್ತುವಂತೆಯೂ ಇರುವುದಿಲ್ಲ. ಕರಾವಳಿ ಅಂದು ಅತ್ತಿತು, ಕೆಲವು ದಿನ ವ್ಯಾನುಗಳ ತಪಾಸಣೆಯೂ ನಡೆಯಿತು. ಮನೆಯ ಕಾರಿನಲ್ಲಿಯೂ ಸ್ಥಿತಿ ಬಹಳ ಬೇರೆಯಲ್ಲ: ಮುಂದಿನ ಸೀಟಿನಲ್ಲಿ ತಾಯಿ, ಅವಳ ಮಡಿಲಲ್ಲಿ ಮಗು. ಡಿಕ್ಕಿಯ ಕ್ಷಣದಲ್ಲಿ ಹತ್ತು ಕಿಲೋ ತೂಕದ ಮಗುವಿನ ಮೇಲೆ ಬೀಳುವ ಬಲ ನೂರಾರು ಕಿಲೋಗಳಷ್ಟು. ಯಾವ ತಾಯಿಯ ಕೈಯೂ ಅದನ್ನು ಹಿಡಿದು ನಿಲ್ಲಿಸಲಾರದು. ತಾಯಿಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದರೆ ತಾಯಿಯ ಭಾರವೇ ಮಗುವನ್ನು ಅಮುಕುತ್ತದೆ. ಮಗುವಿಗೆ ಬೇಕಾದದ್ದು ಹಿಂದಿನ ಸೀಟಿನಲ್ಲಿ ಅದರದ್ದೇ ಆದ ಸೀಟು. ಬಸುರಿಯರು ಬೆಲ್ಟ್ ಹಾಕಬಾರದೆಂಬ ನಂಬಿಕೆಯೂ ಊರಿನಲ್ಲಿದೆ. ಹಾಕಲೇಬೇಕು, ಕೆಳಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಎಲುಬಿಗೆ ತಾಗಿ, ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಬರುವಂತೆ.

1848ರಿಂದ ಊರಿನ ಬಡವರನ್ನು ಕಾಯ್ದ ವೆನ್ಲಾಕ್, 1880ರಲ್ಲಿ ಕಂಕನಾಡಿಯಲ್ಲಿ ಆರಂಭವಾದ ಫಾದರ್ ಮುಲ್ಲರ್, 1953ರಲ್ಲಿ ಹುಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಹಾಗೂ ಆಮೇಲೆ ಬಂದ ಹಲವು ಆಸ್ಪತ್ರೆಗಳಿಂದಾಗಿ ಮಂಗಳೂರು ಸುತ್ತಲಿನ ಜಿಲ್ಲೆಗಳಿಗೆಲ್ಲ ಚಿಕಿತ್ಸೆಯ ಊರು. ಕಾಸರಗೋಡು, ಕೊಡಗು, ಉತ್ತರ ಕನ್ನಡ, ಚಿಕ್ಕಮಗಳೂರುಗಳ ಅಪಘಾತದ ಗಾಯಾಳುಗಳೂ ಆಂಬ್ಯುಲೆನ್ಸಿನಲ್ಲಿ ಇಲ್ಲಿಗೇ ಬರುತ್ತಾರೆ. ತಲೆಯ ಪೆಟ್ಟು, ಎದೆಗೂಡಿನ ಪೆಟ್ಟಿಗೆ ಇಷ್ಟೊಂದು ತಜ್ಞರು ಇರುವ ಊರಿನಲ್ಲೇ ಆ ಪೆಟ್ಟನ್ನು ತಡೆಯುವ ಪಟ್ಟಿ ಸೀಟಿನ ಸಂದಿಯಲ್ಲಿ ಹೂತುಹೋಗಿರುವುದು ನೋವಿನ ಸಂಗತಿ.

ಹೂತುಹೋಗಿರುವುದು ಎಂಬುದು ಬರಿಯ ಮಾತಲ್ಲ. ಹೊಸ ಕಾರು ಕೊಂಡವರು ಪೂಜೆ ಮುಗಿಸಿ ನೇರ ಹೋಗುವುದು ಸೀಟ್ ಕವರಿನ ಅಂಗಡಿಗೆ. ಮುಂದಿನ ಸೀಟಿನ ಕೊಂಡಿ ಹೊರಗೇ ಉಳಿಯುತ್ತದೆ, ಹಿಂದಿನ ಸೀಟಿನ ಮೂರು ಕೊಂಡಿಗಳು ಮಾತ್ರ ಹಲವು ಕಾರುಗಳಲ್ಲಿ ಕವರಿನ ಅಡಿಗೆ ಸೇರಿಬಿಡುತ್ತವೆ. ಮತ್ತೆ ಅವನ್ನು ಹುಡುಕಬೇಕೆಂದರೆ ಕೈ ಹಾಕಿ ತಡಕಾಡಬೇಕು, ಅಷ್ಟರಲ್ಲಿ ಕಾರು ಹೊರಟಿರುತ್ತದೆ. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಮುಂದಿನವರು ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆ ಕಡ್ಡಾಯವಾದಾಗ, ಆ ಕೂಗನ್ನು ಅಡಗಿಸಲು ಬೆಲ್ಟಿಲ್ಲದೆ ಕೊಂಡಿಗೆ ಸಿಕ್ಕಿಸುವ ಲೋಹದ ಕ್ಲಿಪ್ಪು ಮಾರಾಟಕ್ಕೆ ಬಂತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶ ಕೊಟ್ಟು ಅವುಗಳ ಪಟ್ಟಿಯಿಂದ ಅಂಥ 13,118 ಸರಕುಗಳನ್ನು ತೆಗೆಸಿತು. ಹೊಸ ಕಾರುಗಳ ಹಿಂದಿನ ಸೀಟಿಗೂ ಈಗ ಎಚ್ಚರಿಕೆಯ ಗಂಟೆ ಬರುತ್ತಿದೆ. ಆದರೆ ಮಂಗಳೂರಿನ ರಸ್ತೆಯಲ್ಲಿ ಓಡುತ್ತಿರುವ ಕೆಎ-19 ನೋಂದಣಿಯ ಕಾರುಗಳಲ್ಲಿ ಹೆಚ್ಚಿನವು ಆ ಗಂಟೆ ಇಲ್ಲದವು, ಇನ್ನೂ ಹತ್ತು ಹದಿನೈದು ವರ್ಷ ಓಡಲಿರುವವು. ಅವುಗಳ ಮಾಲೀಕರು ಮಾಡಬೇಕಾದ ಕೆಲಸ ಚಿಕ್ಕದು: ಈ ವಾರವೇ ಹಿಂದಿನ ಸೀಟಿನ ಕವರ್ ಎತ್ತಿ, ಮೂರು ಕೊಂಡಿಗಳನ್ನೂ ಹೊರಗೆಳೆದು, ಅಂಗಡಿಯವರಿಂದ ಅಲ್ಲಿ ಸೀಳು ಹಾಕಿಸಿ, ಮನೆಯ ಹಿರಿಯರಿಗೆ ಒಮ್ಮೆ ಹಾಕಿ ತೆಗೆದು ತೋರಿಸುವುದು.